ಕರ್ನಲ್ ಕಟ್ಟುವ ಮುನ್ನ: ಯಾವ ಕಾನ್ಫಿಗ್‌ನಿಂದ ಹೊರಡಬೇಕು?

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಾನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಲಿನಕ್ಸ್ ಕರ್ನಲ್ಲನ್ನು, ಅಂದರೆ ಆ ಕಾರ್ಯಾಚರಣಾ ವ್ಯವಸ್ಥೆಯ ತಿರುಳನ್ನು, ಅವರ ಕೈಯಿಂದಲೇ ಕಂಪೈಲ್ ಮಾಡಿಸುತ್ತೇನೆ. ಸೋರ್ಸ್ ಇಳಿಸಿಕೊಂಡು ಬಿಚ್ಚುವವರೆಗೆ ಎಲ್ಲರ ದಾರಿಯೂ ಒಂದೇ ಆಗಿರುತ್ತದೆ. ಅದರ ನಂತರದ ಮೊದಲ ಆದೇಶದಲ್ಲಿಯೇ, ಕರ್ನಲ್ಲಿನಲ್ಲಿ ಏನಿರಬೇಕು, ಏನು ಬೇಡ ಎಂದು ಹೇಳುವ ಕಾನ್ಫಿಗ್ ಕಡತವನ್ನು ಆರಿಸುವಾಗ, ದಾರಿ ಕವಲೊಡೆಯುತ್ತದೆ. ಒಬ್ಬ ‘ಮೇಕ್ ಡೆಫ್‌ಕಾನ್ಫಿಗ್’ ಎನ್ನುತ್ತಾನೆ, ಇನ್ನೊಬ್ಬಳು ಬೂಟ್ ಡೈರೆಕ್ಟರಿಯಲ್ಲಿರುವ ಕಾನ್ಫಿಗ್ ಕಡತವನ್ನು ನಕಲು ಮಾಡಿಕೊಳ್ಳುತ್ತಾಳೆ, ಯಾವುದೋ ವಿಡಿಯೋ ನೋಡಿ ಬಂದವನು ‘ಲೋಕಲ್‌ಮಾಡ್‌ಕಾನ್ಫಿಗ್’ ಓಡಿಸುತ್ತಾನೆ, ಉತ್ಸಾಹ ಹೆಚ್ಚಿದ್ದವನು ‘ಟೈನಿಕಾನ್ಫಿಗ್’ನಿಂದಲೇ ಶುರು ಮಾಡುತ್ತಾನೆ. ಸಂಜೆಯ ಹೊತ್ತಿಗೆ ನಾಲ್ವರೂ ನನ್ನ ಮೇಜಿನ ಬಳಿ ಬರುತ್ತಾರೆ. ನಾಲ್ವರ ತೊಂದರೆಯೂ ಬೇರೆ ಬೇರೆಯಾಗಿರುತ್ತದೆ. ಯಾರು ಯಾವ ಕಾನ್ಫಿಗ್ ಹಿಡಿದಿದ್ದರೆಂದು ಕೇಳಿದರೆ ಸಾಕು, ಆ ತೊಂದರೆ ಏನಿರಬಹುದೆಂದು ಮುಕ್ಕಾಲು ಪಾಲು ಊಹಿಸಬಹುದು.

ಈ ಬರಹ ಅಂಥ ಆಯ್ಕೆಯ ಮುಂದೆ ನಿಂತವರಿಗಾಗಿ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿಯೂ, ಆಯ್ಕೆಗಳ ಹೆಸರುಗಳನ್ನು ದೊಡ್ಡಕ್ಷರಗಳಲ್ಲಿಯೂ ಟೈಪ್ ಮಾಡಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲವಾದರೂ, ಮೊದಲ ಸಲ ಮಾಡುವವರಿಗಾಗಿ ಹೇಳಿಟ್ಟಿದ್ದೇನೆ.

ಕಡತದೊಳಗೆ ಏನಿರುತ್ತದೆ

ಕಾನ್ಫಿಗ್ ಆರಿಸಿದ ಮೇಲೆ, ಸೋರ್ಸ್ ಮರದ, ಅಂದರೆ ಸೋರ್ಸ್ ಬಿಚ್ಚಿದ ಡೈರೆಕ್ಟರಿಯ, ಬುಡದಲ್ಲಿ ‘ಡಾಟ್ ಕಾನ್ಫಿಗ್’ ಎಂಬ ಒಂದು ಪಠ್ಯ ಕಡತವಿರುತ್ತದೆ. ಅದರ ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ. ಕಡತವೇ ಇಲ್ಲವೆಂದು ಗಾಬರಿಯಾಗಿ ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ. ಅದರ ಒಂದೊಂದು ಸಾಲೂ ಒಂದೊಂದು ಸೌಲಭ್ಯದ ಕುರಿತ ತೀರ್ಮಾನ. ‘ವೈ’ ಎಂದಿದ್ದರೆ ಆ ಭಾಗ ಕರ್ನಲ್ಲಿನ ಒಳಗೇ ಸೇರುತ್ತದೆ, ‘ಎಂ’ ಎಂದಿದ್ದರೆ ಬೇಕಾದಾಗ ಎಳೆದುಕೊಳ್ಳುವ ಪ್ರತ್ಯೇಕ ಮಾಡ್ಯೂಲ್ ಆಗುತ್ತದೆ, ‘ಈಸ್ ನಾಟ್ ಸೆಟ್’ ಎಂಬ ಟಿಪ್ಪಣಿಯ ಸಾಲಿದ್ದರೆ ಆ ಭಾಗ ಕಂಪೈಲ್ ಆಗುವುದೇ ಇಲ್ಲ. ಇವುಗಳ ನಡುವಿನ ಅವಲಂಬನೆಗಳನ್ನು ಬರೆದಿಡುವ ಕೆಕಾನ್ಫಿಗ್ ಎಂಬ ಭಾಷೆ 2002ರಲ್ಲಿ, ಕರ್ನಲ್ 2.5.45ರ ಹೊತ್ತಿಗೆ ಮರದೊಳಗೆ ಸೇರಿತು. ಮೆನುಕಾನ್ಫಿಗ್‌ನ ನೀಲಿ ಪರದೆ ಇವತ್ತಿಗೂ ಓದುವುದು ಆ ಭಾಷೆಯ ಕಡತಗಳನ್ನೇ.

‘ವೈ’ ಮತ್ತು ‘ಎಂ’ಗಳ ವ್ಯತ್ಯಾಸವನ್ನು ಇಲ್ಲಿಯೇ ಮನದಟ್ಟು ಮಾಡಿಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ. ಮಾಡ್ಯೂಲ್‌ಗಳು ಡಿಸ್ಕಿನ ಮೇಲಿರುತ್ತವೆ; ಆ ಡಿಸ್ಕನ್ನು ಓದಲು ಬೇಕಾದ ಡ್ರೈವರ್ ಸ್ವತಃ ಮಾಡ್ಯೂಲ್ ಆಗಿದ್ದರೆ, ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತಾಗುತ್ತದೆ. ಇದರಿಂದ ಪಾರಾಗಲೆಂದೇ ಇನಿಟ್‌ರ‍್ಯಾಮ್‌ಎಫ್‌ಎಸ್ ಎಂಬ ಚಿಕ್ಕ ಗಂಟನ್ನು, ಯಂತ್ರ ಶುರುವಾದಾಗ ಕರ್ನಲ್ಲನ್ನು ಎಬ್ಬಿಸುವ ಬೂಟ್‌ಲೋಡರ್, ಕರ್ನಲ್ಲಿನ ಜೊತೆಗೇ ಮೆಮೊರಿಗೆ ತಂದಿಡುತ್ತದೆ. ನೀವು ಆರಿಸುವ ಕಾನ್ಫಿಗ್ ಆ ಗಂಟನ್ನು ನೆಚ್ಚಿಕೊಂಡಿದೆಯೇ ಇಲ್ಲವೇ ಎಂಬುದು ಹೋಲಿಕೆಯ ಮೊದಲ ಅಳತೆಗೋಲು. ಕಂಪೈಲ್ ಆಗಲು ಎಷ್ಟು ಹೊತ್ತು ಬೇಕು ಎಂಬುದು ಎರಡನೆಯದು. ಏನಾದರೂ ಬಿಟ್ಟುಹೋಗಿದ್ದರೆ ಅದು ನಿಮಗೆ ಯಾವಾಗ ತಿಳಿಯುತ್ತದೆ ಎಂಬುದು ಮೂರನೆಯದು, ಮತ್ತು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು.

ಡಿಸ್ಟ್ರೋದ ಕಾನ್ಫಿಗ್: ನಿಧಾನ, ಆದರೆ ನಂಬಬಹುದಾದದ್ದು

ನಿಮ್ಮ ಯಂತ್ರದಲ್ಲಿ ಈಗ ಓಡುತ್ತಿರುವ ಕರ್ನಲ್ಲನ್ನು ಯಾವ ಕಾನ್ಫಿಗ್‌ನಿಂದ ಕಟ್ಟಿದ್ದಾರೋ ಅದು ಸಾಮಾನ್ಯವಾಗಿ ಬೂಟ್ ಡೈರೆಕ್ಟರಿಯಲ್ಲಿ, ಕರ್ನಲ್ಲಿನ ಆವೃತ್ತಿಯ ಹೆಸರು ಹೊತ್ತು ಕೂತಿರುತ್ತದೆ. ಕೆಲವು ಕಡೆ ‘ಪ್ರಾಕ್’ ಡೈರೆಕ್ಟರಿಯೊಳಗೆ ಕಾನ್ಫಿಗ್.ಜಿಜೆಡ್ ಎಂಬ ರೂಪದಲ್ಲಿಯೂ ಸಿಗುತ್ತದೆ. ಅದನ್ನು ಸೋರ್ಸ್ ಮರಕ್ಕೆ ‘ಡಾಟ್ ಕಾನ್ಫಿಗ್’ ಎಂಬ ಹೆಸರಿನಿಂದ ನಕಲು ಮಾಡಿ, ಹೊಸ ಆಯ್ಕೆಗಳಿಗೆ ಪೂರ್ವನಿಗದಿತ ಉತ್ತರ ತುಂಬುವ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಓಡಿಸಿದರೆ ಆರಂಭದ ಹಂತ ಮುಗಿಯಿತು.

ಡಿಸ್ಟ್ರೋದವರು, ಅಂದರೆ ಉಬುಂಟುವಿನಂಥ ಲಿನಕ್ಸ್ ಹಂಚಿಕೆಗಳನ್ನು ಸಿದ್ಧಪಡಿಸುವವರು, ಯಾರ ಮನೆಯ ಯಂತ್ರದಲ್ಲಿ ಏನಿದೆ ಎಂದು ಬಲ್ಲವರಲ್ಲವಾದ್ದರಿಂದ, ಜಗತ್ತಿನಲ್ಲಿರುವ ಬಹುಪಾಲು ಡ್ರೈವರ್‌ಗಳನ್ನೆಲ್ಲ ಮಾಡ್ಯೂಲ್ ಆಗಿ ಕಟ್ಟಿಡುತ್ತಾರೆ. ಉಬುಂಟುವಿನ ಕಾನ್ಫಿಗ್ ಕಡತ ಹತ್ತು ಸಾವಿರ ಸಾಲು ದಾಟುತ್ತದೆ, ಮಾಡ್ಯೂಲ್‌ಗಳು ಸಾವಿರಗಟ್ಟಲೆ. ನಮ್ಮ ಲ್ಯಾಬಿನ ನಾಲ್ಕು ಕೋರ್‌ನ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಇದನ್ನು ಕಂಪೈಲ್ ಮಾಡಲು ಎರಡು ಗಂಟೆಯ ಲ್ಯಾಬ್ ಅವಧಿ ಸಾಕಾಗುವುದಿಲ್ಲ, ಮತ್ತು ಬೇಸಿಗೆಯಲ್ಲಿ ಕರೆಂಟು ಹೋದರೆ ಯುಪಿಎಸ್ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ. ಮೇಕ್ ನಿಂತಲ್ಲಿಂದಲೇ ಮುಂದುವರಿಯಬಲ್ಲದೆಂಬುದು ನಿಜ. ಆದರೆ ಯಂತ್ರ ಆರಿದ ಗಳಿಗೆಯಲ್ಲಿ ಅರ್ಧ ಬರೆದ ಆಬ್ಜೆಕ್ಟ್ ಕಡತವೊಂದು ಉಳಿದುಕೊಂಡು ಲಿಂಕ್ ಮಾಡುವಾಗ ತಕರಾರು ತೆಗೆದ ಪ್ರಸಂಗ ಎರಡು ಸಲ ನಡೆದಿದೆ.

ಸಮಯಕ್ಕಿಂತ ಮೊದಲೇ ಕೈಕೊಡುವುದು ಡಿಸ್ಕಿನ ಜಾಗ. ಡಿಸ್ಟ್ರೋ ಕಾನ್ಫಿಗ್‌ಗಳಲ್ಲಿ ತಪ್ಪು ಹುಡುಕಲು ನೆರವಾಗುವ ಡೀಬಗ್ ಮಾಹಿತಿ ಆನ್ ಆಗಿರುತ್ತದೆ. ಹಾಗೆಯೇ ಬಿಟ್ಟರೆ ಬಿಲ್ಡ್ ಡೈರೆಕ್ಟರಿ 20 ಜಿಬಿ ದಾಟುವುದು ಸಾಮಾನ್ಯ. ಕರ್ನಲ್ಲಿನ ದತ್ತಾಂಶ ರಚನೆಗಳ ವಿವರ ಕೂಡಿಸುವ ಬಿಟಿಎಫ್ ಆಯ್ಕೆಯೂ ಜೊತೆಗಿದ್ದರೆ ಪಾಹೋಲ್ ಎಂಬ ಸಾಧನವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಮೆನುಕಾನ್ಫಿಗ್‌ನ ‘ಕರ್ನಲ್ ಹ್ಯಾಕಿಂಗ್’ ವಿಭಾಗದಲ್ಲಿ ಡೀಬಗ್ ಮಾಹಿತಿ ಬೇಡವೆಂದು ಆರಿಸಿಕೊಂಡರೆ ಎರಡೂ ಕಾಟ ಒಟ್ಟಿಗೆ ತೊಲಗುತ್ತವೆ. ಡೀಬಗ್ ಮಾಹಿತಿ ಬೇಕೇ ಬೇಕು ಎನ್ನುವವರು ಮಾಡ್ಯೂಲ್‌ಗಳನ್ನು ಸ್ಥಾಪಿಸುವಾಗಲಾದರೂ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಎಂದು ಸೇರಿಸಬೇಕು; ಇಲ್ಲವಾದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಊದಿಕೊಂಡು, ಬೂಟ್‌ಗೆ ಪ್ರತ್ಯೇಕವಾಗಿ ಬಿಟ್ಟ ಪುಟ್ಟ ಪಾರ್ಟಿಷನ್ ತುಂಬಿಹೋಗುತ್ತದೆ.

ಇನ್ನೊಂದು ಎಡವು ಕಲ್ಲು ಉಬುಂಟು, ಡೆಬಿಯನ್ ಬಳಸುವವರಿಗೆಲ್ಲ ಪರಿಚಿತ. ಕಂಪೈಲ್ ಕೆಲ ನಿಮಿಷ ಸರಾಗವಾಗಿ ಓಡಿ, ಸರ್ಟ್ಸ್ ಡೈರೆಕ್ಟರಿಗೆ ಬಂದ ಕೂಡಲೇ ‘ನೋ ರೂಲ್ ಟು ಮೇಕ್ ಟಾರ್ಗೆಟ್’ ಎಂದು, ‘ಪೆಮ್’ ಎಂದು ಕೊನೆಗೊಳ್ಳುವ ಯಾವುದೋ ಕಡತದ ಹೆಸರು ಹೇಳಿ ನಿಂತುಬಿಡುತ್ತದೆ. ‘ಸರ್, ಸೋರ್ಸೇ ಕೆಟ್ಟಿದೆ, ಮತ್ತೆ ಡೌನ್‌ಲೋಡ್ ಮಾಡಲೇ?’ ಎಂದು ಕೇಳಿದ ಹುಡುಗಿಗೆ ನಾನು ತೋರಿಸಿದ್ದು ಒಂದೇ ಸಾಲು. ಡಿಸ್ಟ್ರೋದವರು ತಮ್ಮ ಮಾಡ್ಯೂಲ್‌ಗಳ ಸಹಿಯನ್ನು ಒರೆಹಚ್ಚಲು ಬೇಕಾದ ಪ್ರಮಾಣಪತ್ರಗಳ ಕಡತವನ್ನು ‘ಕಾನ್ಫಿಗ್_ಸಿಸ್ಟಮ್_ಟ್ರಸ್ಟೆಡ್_ಕೀಸ್’ ಎಂಬಲ್ಲಿ ನಮೂದಿಸಿರುತ್ತಾರೆ. ಆ ಕಡತ ಅವರ ಪ್ಯಾಕೇಜಿನ ಮರದಲ್ಲಿದೆಯೇ ಹೊರತು ನೀವು ಇಳಿಸಿಕೊಂಡ ಮೂಲ ಸೋರ್ಸಿನಲ್ಲಿ ಇಲ್ಲ. ಆ ಸಾಲಿನ ಉದ್ಧರಣ ಚಿಹ್ನೆಗಳ ನಡುವೆ ಇರುವುದನ್ನು ಅಳಿಸಿ ಖಾಲಿ ಬಿಡಿ, ‘ಸಿಸ್ಟಮ್_ರೆವೊಕೇಷನ್_ಕೀಸ್’ ಸಾಲಿಗೂ ಹಾಗೆಯೇ ಮಾಡಿ. ಮೇಕ್ ಮುಂದಕ್ಕೆ ಹೋಗುತ್ತದೆ.

ಇಷ್ಟೆಲ್ಲ ಕಾಟವಿದ್ದರೂ ಡಿಸ್ಟ್ರೋ ಕಾನ್ಫಿಗ್‌ನ ಪರವಾಗಿ ನಾನು ವಾದಿಸುತ್ತೇನೆ. ಅದರ ತೊಂದರೆಗಳೆಲ್ಲ ಕಂಪೈಲ್ ಆಗುವಾಗಲೇ, ಕಣ್ಣೆದುರೇ, ತಪ್ಪಿನ ಸಂದೇಶದ ಸಮೇತ ಬರುತ್ತವೆ. ಒಮ್ಮೆ ಬೂಟ್ ಆಯಿತೆಂದರೆ, ನಿನ್ನೆ ಕೆಲಸ ಮಾಡುತ್ತಿದ್ದ ವೈಫೈ, ಪ್ರಿಂಟರ್, ಪೆನ್‌ಡ್ರೈವ್ ಎಲ್ಲವೂ ಇವತ್ತೂ ಕೆಲಸ ಮಾಡುತ್ತವೆ. ಸೆಕ್ಯೂರ್ ಬೂಟ್ ಆನ್ ಇರುವ ಲ್ಯಾಪ್‌ಟಾಪಿನಲ್ಲಿ ಮಾತ್ರ ಸಹಿಯಿಲ್ಲದ ನಿಮ್ಮ ಕರ್ನಲ್ಲನ್ನು ಬೂಟ್‌ಲೋಡರ್ ಹೊಸ್ತಿಲಲ್ಲೇ ತಡೆಯುತ್ತದೆ. ಅದು ಕಾನ್ಫಿಗ್‌ನ ದೋಷವಲ್ಲ, ಯಾವ ಕಾನ್ಫಿಗ್ ಹಿಡಿದರೂ ಬರುವಂಥದ್ದೇ.

ಲೋಕಲ್‌ಮಾಡ್‌ಕಾನ್ಫಿಗ್: ವೇಗಕ್ಕೆ ತೆರುವ ಬೆಲೆ

ಸ್ಟೀವನ್ ರೊಸ್ಟೆಡ್ ಬರೆದು, 2009ರ ಡಿಸೆಂಬರ್‌ನಲ್ಲಿ ಬಂದ 2.6.32ರಲ್ಲಿ ಸೇರಿದ ಈ ಸೌಲಭ್ಯದ ಹಿಂದಿನ ಯೋಚನೆ ಸರಳವಾದದ್ದು. ಈಗ ಯಂತ್ರದಲ್ಲಿ ಯಾವ ಮಾಡ್ಯೂಲ್‌ಗಳು ಲೋಡ್ ಆಗಿವೆಯೆಂದು ‘ಎಲ್‌ಎಸ್‌ಮಾಡ್’ನಿಂದ ಕೇಳಿ ತಿಳಿದು, ಅವುಗಳಿಗೆ ಬೇಕಾದ ಆಯ್ಕೆಗಳನ್ನು ಉಳಿಸಿ, ಕಾನ್ಫಿಗ್‌ನಲ್ಲಿ ‘ಎಂ’ ಎಂದಿರುವ ಮಿಕ್ಕವನ್ನೆಲ್ಲ ತೆಗೆದುಹಾಕುವುದು. ನಮ್ಮ ಅದೇ ಹಳೆಯ ಡೆಸ್ಕ್‌ಟಾಪಿನಲ್ಲಿ ಕಂಪೈಲ್ ಹಚ್ಚಿ, ಗೇಟಿನ ಹೊರಗೆ ಹೋಗಿ ಒಂದು ತಟ್ಟೆ ಇಡ್ಲಿ ತಿಂದು, ಕಾಫಿ ಮುಗಿಸಿ ಬರುವಷ್ಟರಲ್ಲಿ ಕೆಲಸ ಆಗಿರುತ್ತದೆ. ವಿದ್ಯಾರ್ಥಿಗಳು ಇದಕ್ಕೆ ಮರುಳಾಗುವುದು ಸಹಜ.

ಆದರೆ ಇದರ ಕಣ್ಣಿಗೆ ಬೀಳುವುದು ಆ ಕ್ಷಣದಲ್ಲಿ ಲೋಡ್ ಆಗಿರುವುದಷ್ಟೇ. ಬೆಳಿಗ್ಗೆ ಮನೆಯಲ್ಲಿ ಯಾರು ಇದ್ದರೋ ಅವರ ಹೆಸರನ್ನು ಮಾತ್ರ ಬರೆದುಕೊಂಡು ಹೋದ ಗಣತಿಯವನ ಪಟ್ಟಿಯಂತೆ, ಹೊಲಕ್ಕೆ ಹೋದವರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಲ್ಯಾಬಿನಲ್ಲಿ ಒಂದು ಸಲ ನಾನೇ ಹೀಗೆ ಸಿಕ್ಕಿಕೊಂಡೆ. ಹೊಸ ಕರ್ನಲ್ ಚೆನ್ನಾಗಿ ಬೂಟ್ ಆಯಿತು, ನೆಟ್‌ವರ್ಕ್ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಪ್ರಶ್ನೆಪತ್ರಿಕೆ ತರಲೆಂದು ಪೆನ್‌ಡ್ರೈವ್ ಚುಚ್ಚಿದರೆ ಯಂತ್ರಕ್ಕೆ ಅದು ಡಿಸ್ಕೆಂಬುದೇ ಗೊತ್ತಾಗಲಿಲ್ಲ. ಹಿಂದಿನ ದಿನ ಕಾನ್ಫಿಗ್ ಮಾಡುವಾಗ ಪೆನ್‌ಡ್ರೈವ್ ಹಾಕಿರಲಿಲ್ಲವಾದ್ದರಿಂದ ‘ಯುಎಸ್‌ಬಿ_ಸ್ಟೋರೇಜ್’ ಉದುರಿಹೋಗಿತ್ತು. ಅದನ್ನು ಸೇರಿಸಿ ಮತ್ತೆ ಕಟ್ಟಿದೆ. ಈ ಸಲ ಡಿಸ್ಕ್ ಕಂಡಿತು, ಮೌಂಟ್ ಮಾತ್ರ ಆಗಲಿಲ್ಲ. ಕರ್ನಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ನೋಡಿದರೆ ಕೊನೆಯ ಸಾಲಿನಲ್ಲಿ ಎಫ್‌ಎಟಿ ಕಡತ ವ್ಯವಸ್ಥೆ ‘ಐಒ ಚಾರ್‌ಸೆಟ್ ಐಎಸ್‌ಒ8859-1 ನಾಟ್ ಫೌಂಡ್’ ಎಂದು ಗೊಣಗುತ್ತಿತ್ತು. ಕಡತಗಳ ಹೆಸರಿನ ಅಕ್ಷರಗಳನ್ನು ತರ್ಜುಮೆ ಮಾಡುವ ಪುಟ್ಟ ಮಾಡ್ಯೂಲ್ ಕೂಡ ಅದೇ ಗುಡಿಸುವಿಕೆಯಲ್ಲಿ ಹೋಗಿತ್ತು. ಮೂರನೆಯ ಸಲ ಕಟ್ಟುವುದಕ್ಕೆ ಪುರುಸೊತ್ತಿಲ್ಲದೆ, ಗ್ರಬ್ ಎಂಬ ಬೂಟ್‌ಲೋಡರಿನ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿಕೊಂಡು ಪರೀಕ್ಷೆ ಮುಗಿಸಿದೆವು.

ಇನ್ನೂ ದೂರ ಹೋದ ಪ್ರಸಂಗವೊಂದಿದೆ. ತಿಪಟೂರು ಕಡೆಯ ವಿದ್ಯಾರ್ಥಿಯೊಬ್ಬ ತೆಂಗಿನ ತೋಟದ ಪಂಪ್‌ಸೆಟ್ ಎಷ್ಟು ಹೊತ್ತು ಓಡಿತು, ಎಷ್ಟು ವಿದ್ಯುತ್ ಎಳೆಯಿತು ಎಂದು ದಾಖಲಿಸಲು ರಾಸ್‌ಬೆರಿ ಪೈ ಬೋರ್ಡ್‌ಗೆ ಕರ್ನಲ್ ಕಟ್ಟಿದ್ದ. ಬೋರ್ಡಿನ ಮೇಲೆ ‘ಎಲ್‌ಎಸ್‌ಮಾಡ್’ ಓಡಿಸಿ, ಬಂದ ಪಟ್ಟಿಯನ್ನು ಒಂದು ಕಡತಕ್ಕೆ ಬರೆದು, ಲ್ಯಾಬಿನ ದೊಡ್ಡ ಯಂತ್ರದಲ್ಲಿ ‘ಎಲ್‌ಎಸ್‌ಮಾಡ್=’ ಎಂದು ಆ ಕಡತದ ಹೆಸರು ಕೊಟ್ಟು ಲೋಕಲ್‌ಮಾಡ್‌ಕಾನ್ಫಿಗ್ ಮಾಡಿದ್ದ; ಬೇರೆ ಯಂತ್ರಕ್ಕಾಗಿ ಕಟ್ಟುವಾಗ ಇದು ಸರಿಯಾದ ಕ್ರಮವೇ. ಪಟ್ಟಿ ತೆಗೆಯುವ ಹೊತ್ತಿಗೆ ಮೀಟರಿಗೆ ಹೋಗುವ ಯುಎಸ್‌ಬಿ-ಸೀರಿಯಲ್ ಕೇಬಲ್ ಮಾತ್ರ ಅವನ ಬ್ಯಾಗಿನಲ್ಲೇ ಇತ್ತು. ತೋಟದಲ್ಲಿ ತ್ರೀ ಫೇಸ್ ಬರುವುದು ರಾತ್ರಿ. ಅಪ್ಪ ಟಾರ್ಚ್ ಹಿಡಿದು ನಿಂತಿದ್ದಾರೆ, ಮೋಟಾರು ಓಡುತ್ತಿದೆ, ‘ಟಿಟಿವೈಯುಎಸ್‌ಬಿ0’ ಎಂಬ ಸಾಧನ ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಕೇಬಲ್ಲಿನೊಳಗಿನ ಚಿಪ್‌ಗೆ ಬೇಕಾದ ‘ಸಿಎಚ್341’ ಡ್ರೈವರ್ ಆ ಕರ್ನಲ್ಲಿನಲ್ಲಿ ಇರಲಿಲ್ಲ. ಕಂಪೈಲ್‌ನಲ್ಲಿ ಉಳಿಸಿದ ಒಂದು ಗಂಟೆಗೆ ತಿಪಟೂರಿಗೆ ಹೋಗಿಬರುವ ಒಂದು ದಿನದ ಓಡಾಟ ಬಡ್ಡಿಯಾಗಿ ಸೇರಿತು.

ಆದ್ದರಿಂದ ಈ ದಾರಿ ಹಿಡಿಯುವವರು ಮೊದಲು ತಮ್ಮ ಬಳಿ ಇರುವ ಎಲ್ಲ ಸಲಕರಣೆಗಳನ್ನೂ ಒಮ್ಮೆ ಚುಚ್ಚಿ, ಬಳಸಿ ನೋಡಬೇಕು. ಪೆನ್‌ಡ್ರೈವ್ ಹಾಕಿ ಮೌಂಟ್ ಮಾಡಿ, ಮೊಬೈಲ್ ಟೆದರಿಂಗ್ ಆನ್ ಮಾಡಿ, ಬ್ಲೂಟೂತ್ ಜೋಡಿಸಿ, ವಿಪಿಎನ್ ಬಳಸುವವರಾದರೆ ಅದನ್ನೂ ಏರಿಸಿ, ಪ್ರೊಜೆಕ್ಟರ್ ಇದ್ದರೆ ಅದನ್ನೂ ಹಚ್ಚಿ. ಆಮೇಲೆ ಆದೇಶ ಕೊಡಿ. ಇಡೀ ವಿಭಾಗಗಳನ್ನು ಕೈಬಿಡದಂತೆ ಹೇಳಲು ‘ಎಲ್‌ಎಂಸಿ_ಕೀಪ್’ ಎಂಬ ಸೌಕರ್ಯ ಈಚಿನ ಕರ್ನಲ್‌ಗಳಲ್ಲಿದೆ: ಅದಕ್ಕೆ ‘ಡ್ರೈವರ್ಸ್/ಯುಎಸ್‌ಬಿ:ಎಫ್‌ಎಸ್’ ಎಂಬಂತೆ ಡೈರೆಕ್ಟರಿಗಳ ಹೆಸರನ್ನು ನಡುವೆ ಕೋಲನ್ ಇಟ್ಟು ಕೊಟ್ಟರೆ ಆ ಡೈರೆಕ್ಟರಿಗಳ ಆಯ್ಕೆಗಳು ಉಳಿಯುತ್ತವೆ. ತಿಪಟೂರಿನ ಹುಡುಗನಿಗೆ ಆ ಒಂದು ಪದ ಸಾಕಾಗಿತ್ತು.

ಇಲ್ಲಿ ಬಹಳ ಜನ ಗಮನಿಸದ ಎರಡು ಸಂಗತಿಗಳಿವೆ. ಸೋರ್ಸ್ ಮರದಲ್ಲಿ ಆಗಲೇ ‘ಡಾಟ್ ಕಾನ್ಫಿಗ್’ ಇದ್ದರೆ ಲೋಕಲ್‌ಮಾಡ್‌ಕಾನ್ಫಿಗ್ ಅದನ್ನೇ ತಳಹದಿಯಾಗಿ ಹಿಡಿಯುತ್ತದೆ. ಮೊದಲು ಸುಮ್ಮನೆ ಡೆಫ್‌ಕಾನ್ಫಿಗ್ ಓಡಿಸಿ ನೋಡಿದವರು ಆಮೇಲೆ ಇದನ್ನು ಓಡಿಸಿದರೆ ಡಿಸ್ಟ್ರೋದ ಡ್ರೈವರ್‌ಗಳು ಬರುವುದಿಲ್ಲ, ಏಕೆಂದರೆ ಇದು ಇರುವುದನ್ನು ಕಳೆಯಬಲ್ಲದೇ ಹೊರತು ಇಲ್ಲದ್ದನ್ನು ಕೂಡಿಸಲಾರದು. ಇದು ಮುಟ್ಟುವುದು ‘ಎಂ’ಗಳನ್ನು ಮಾತ್ರ ಎಂಬುದು ಎರಡನೆಯದು, ಡಿಸ್ಟ್ರೋದವರು ‘ವೈ’ ಎಂದಿಟ್ಟಿದ್ದೆಲ್ಲ ಹಾಗೆಯೇ ಉಳಿಯುತ್ತದೆ. ಇದರ ತಮ್ಮನಂತಿರುವ ‘ಲೋಕಲ್‌ಎಸ್‌ಕಾನ್ಫಿಗ್’ ಉಳಿದ ಮಾಡ್ಯೂಲ್‌ಗಳನ್ನೆಲ್ಲ ‘ವೈ’ ಮಾಡಿ ಒಳಗೇ ಸೇರಿಸುತ್ತದೆ.

ಡೆಫ್‌ಕಾನ್ಫಿಗ್: ಯಾರ ಯಂತ್ರಕ್ಕೆ?

ಹೆಸರು ಕೇಳಿದರೆ ‘ಎಲ್ಲರಿಗೂ ಆಗುವಂಥದ್ದು’ ಎನಿಸುತ್ತದೆ, ಹಾಗಲ್ಲ. ಆಯಾ ಪ್ರೊಸೆಸರ್ ಬಗೆಯ ಕೋಡನ್ನು ನೋಡಿಕೊಳ್ಳುವವರು ತಮಗೆ ಸರಿತೋರಿದ ಆಯ್ಕೆಗಳನ್ನು ಮರದಲ್ಲಿ ಬರೆದಿಟ್ಟಿರುತ್ತಾರೆ, ಮಿಕ್ಕ ಆಯ್ಕೆಗಳಿಗೆ ಕೆಕಾನ್ಫಿಗ್‌ನ ಪೂರ್ವನಿಗದಿತ ಉತ್ತರ ಸಲ್ಲುತ್ತದೆ. ಸಾಮಾನ್ಯ ಪಿಸಿಗಳ ಪ್ರೊಸೆಸರ್ ಬಗೆಯಾದ ಎಕ್ಸ್86ರ ಡೆಫ್‌ಕಾನ್ಫಿಗ್‌ನಲ್ಲಿ ಮಾಡ್ಯೂಲ್‌ಗಳು ಬಹಳ ಕಡಿಮೆ, ಆಯ್ದ ಡ್ರೈವರ್‌ಗಳೆಲ್ಲ ಒಳಗೇ ಸೇರಿರುತ್ತವೆ. ಹಾಗಾಗಿ ಬೇಗ ಕಂಪೈಲ್ ಆಗುತ್ತದೆ, ಸಾಮಾನ್ಯ ಸಾಟಾ ಡಿಸ್ಕು ಮತ್ತು ಎಕ್ಸ್ಟ್4 ಕಡತ ವ್ಯವಸ್ಥೆ ಇದ್ದರೆ ಇನಿಟ್‌ರ‍್ಯಾಮ್‌ಎಫ್‌ಎಸ್ ಇಲ್ಲದೆಯೂ ಬೂಟ್ ಆಗಬಲ್ಲದು. ಹಾಗೆ ಬೂಟ್ ಮಾಡುವವರು ‘ರೂಟ್=’ ಎಂಬಲ್ಲಿ ಕಡತ ವ್ಯವಸ್ಥೆಯ ಯುಯುಐಡಿ ಎಂಬ ಗುರುತಿನ ಸಂಖ್ಯೆ ಕೊಡಬಾರದು; ಅದನ್ನು ಹುಡುಕಿಕೊಡುವುದು ಇನಿಟ್‌ರ‍್ಯಾಮ್‌ಎಫ್‌ಎಸ್‌ನ ಕೆಲಸ. ಸಾಧನದ ಹೆಸರನ್ನೋ ಪಾರ್ಟಿಷನ್ನಿನ ಗುರುತಾದ ಪಾರ್ಟ್‌ಯುಯುಐಡಿಯನ್ನೋ ಕೊಟ್ಟರೆ ಕರ್ನಲ್ ತಾನೇ ಅರ್ಥ ಮಾಡಿಕೊಳ್ಳುತ್ತದೆ.

ಆದರೆ ಹೊಸ ಲ್ಯಾಪ್‌ಟಾಪಿನ ಮೇಲೆ ಕಣ್ಣುಮುಚ್ಚಿ ಇದನ್ನು ಹಾಕಿದರೆ, ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)’ ಎಂಬ, ಕರ್ನಲ್ ಕೈಚೆಲ್ಲಿ ನಿಲ್ಲುವಾಗ ಬರುವ ಪ್ಯಾನಿಕ್ ಸಾಲಿಗೆ ನೀವು ತಯಾರಿರಬೇಕು. ಆವರಣದೊಳಗಿನ ಎರಡು ಸೊನ್ನೆಗಳು ಬಹುಪಾಲು ಹೇಳುವುದಿಷ್ಟೇ: ಕರ್ನಲ್ಲಿಗೆ ಡಿಸ್ಕೇ ಸಿಕ್ಕಿಲ್ಲ. ಕಾಣೆಯಾಗಿರುವುದು ಡಿಸ್ಕಿನ ಡ್ರೈವರ್ ಇರಬಹುದು, ಇನಿಟ್‌ರ‍್ಯಾಮ್‌ಎಫ್‌ಎಸ್ ಇರಬಹುದು. ಸೊನ್ನೆಗಳ ಬದಲು ಬೇರೆ ಅಂಕಿಗಳಿದ್ದರೆ ಡಿಸ್ಕು ಸಿಕ್ಕಿದೆ, ಅದರ ಮೇಲಿನ ಕಡತ ವ್ಯವಸ್ಥೆಯನ್ನು ಓದಲು ಬಂದಿಲ್ಲ. ಈ ಒಂದು ಗುರುತು ತಿಳಿದಿದ್ದರೆ ಅರ್ಧ ದಿನದ ತಡಕಾಟ ಉಳಿಯುತ್ತದೆ.

ಡೆಫ್‌ಕಾನ್ಫಿಗ್ ನಿಜವಾಗಿ ಶೋಭಿಸುವುದು ವರ್ಚುವಲ್ ಯಂತ್ರದಲ್ಲಿ, ಅಂದರೆ ಇರುವ ಯಂತ್ರದೊಳಗೆ ತಂತ್ರಾಂಶವೇ ಸೃಷ್ಟಿಸುವ ಯಂತ್ರದಲ್ಲಿ. ‘ಮೇಕ್ ಡೆಫ್‌ಕಾನ್ಫಿಗ್ ಕೆವಿಎಂ_ಗೆಸ್ಟ್.ಕಾನ್ಫಿಗ್’ ಎಂದು ಎರಡನ್ನೂ ಒಟ್ಟಿಗೆ ಕೊಟ್ಟರೆ, ವರ್ಟಿಯೋ ಡಿಸ್ಕು, ವರ್ಟಿಯೋ ನೆಟ್‌ವರ್ಕ್, ಸೀರಿಯಲ್ ಕನ್ಸೋಲ್ ಮೊದಲಾದ ಅತಿಥಿ ಯಂತ್ರದ ಅಗತ್ಯಗಳೆಲ್ಲ ಸೇರಿಕೊಳ್ಳುತ್ತವೆ. ಕಟ್ಟಿ ಬಂದ ಕರ್ನಲ್ ಕಡತವಾದ ಬಿಜೆಡ್‌ಇಮೇಜನ್ನು, ವರ್ಚುವಲ್ ಯಂತ್ರ ಓಡಿಸುವ ಕ್ಯೂಎಂಯುಗೆ ‘-ಕರ್ನಲ್’ ಎಂದು ನೇರವಾಗಿ ಕೊಟ್ಟು, ‘ಕನ್ಸೋಲ್=ಟಿಟಿವೈಎಸ್0’ ಎಂದು ಸೇರಿಸಿದರೆ ಬೂಟ್ ಸಂದೇಶಗಳೆಲ್ಲ ಟರ್ಮಿನಲ್‌ನಲ್ಲೇ ಹರಿಯುತ್ತವೆ. ಸಿಸ್ಟಮ್ ಕಾಲ್ ಸೇರಿಸುವುದು, ಚಿಕ್ಕ ಮಾಡ್ಯೂಲ್ ಬರೆಯುವುದು ಮುಂತಾದ ಅಭ್ಯಾಸಗಳಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಈಗ ಇದೊಂದನ್ನೇ ಹೇಳುತ್ತೇನೆ. ಪ್ಯಾನಿಕ್ ಆದರೂ ಕೆಡುವುದು ಕಿಟಕಿಯೊಳಗಿನ ಯಂತ್ರ ಮಾತ್ರ.

ಬೋರ್ಡ್‌ಗಳ ವಿಷಯ ಬೇರೆ. ಅಲ್ಲಿ ಬೋರ್ಡಿನವರು ಕೊಟ್ಟ ಡೆಫ್‌ಕಾನ್ಫಿಗ್‌ಗೆ ಸಾಟಿಯಿಲ್ಲ. 64-ಬಿಟ್ ರಾಸ್‌ಬೆರಿ ಪೈ 4ಕ್ಕೆ ‘ಬಿಸಿಎಂ2711_ಡೆಫ್‌ಕಾನ್ಫಿಗ್’, ಪೈ 5ಕ್ಕೆ ‘ಬಿಸಿಎಂ2712_ಡೆಫ್‌ಕಾನ್ಫಿಗ್’. ಇವು ರಾಸ್‌ಬೆರಿ ಪೈಯವರದೇ ಸೋರ್ಸ್ ಮರದಲ್ಲಿವೆ, ಮೂಲ ಮರದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಟೈನಿಕಾನ್ಫಿಗ್: ಕಲಿಯುವುದಕ್ಕೆ ಮಾತ್ರ

2014ರಲ್ಲಿ, 3.17ರೊಂದಿಗೆ ಬಂದ ಇದು, ‘ಆಲ್‌ನೋಕಾನ್ಫಿಗ್’ ಎಂಬ ಎಲ್ಲಕ್ಕೂ ‘ಬೇಡ’ ಎನ್ನುವ ಕಾನ್ಫಿಗ್‌ನ ಮೇಲೆ ಗಾತ್ರ ಇಳಿಸುವ ಇನ್ನಷ್ಟು ಆಯ್ಕೆಗಳನ್ನು ಪೇರಿಸುತ್ತದೆ. ಕಂಪೈಲ್ ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುತ್ತದೆಂದರೆ ತುಸು ಉತ್ಪ್ರೇಕ್ಷೆಯಾದೀತು, ಲ್ಯಾಬಿನ ಯಂತ್ರದಲ್ಲಿ ಒಂದೆರಡು ನಿಮಿಷ. ಬರುವ ಇಮೇಜ್ ಒಂದು ಎಂಬಿಗೂ ಕಡಿಮೆ. ಬೂಟ್ ಮಾಡಿದರೆ ಪರದೆ ಕಪ್ಪಗೆ ಕೂತಿರುತ್ತದೆ. ಸತ್ತಿದೆಯೋ ಬದುಕಿದೆಯೋ ಹೇಳುವವರಿಲ್ಲ, ಏಕೆಂದರೆ ಸಂದೇಶ ಮುದ್ರಿಸುವ ‘ಪ್ರಿಂಟ್‌ಕೆ’ಯೂ ಇಲ್ಲ, ‘ಟಿಟಿವೈ’ಯೂ ಇಲ್ಲ. ಎಕ್ಸ್86ರಲ್ಲಿ ಇನ್ನೊಂದು ವಿಚಿತ್ರವೂ ಉಂಟು: ‘64-ಬಿಟ್ ಕರ್ನಲ್’ ಎಂಬ ಆಯ್ಕೆಗೂ ‘ಬೇಡ’ವೆಂದೇ ಉತ್ತರ ಬಿದ್ದಿರುವುದರಿಂದ, ನೀವು ಪ್ರತ್ಯೇಕವಾಗಿ ಹೇಳದಿದ್ದರೆ ಬರುವುದು 32-ಬಿಟ್ ಕರ್ನಲ್.

ಅದಕ್ಕೆ ಜೀವ ತುಂಬುವ ಕೆಲಸವಿದೆಯಲ್ಲ, ಅದು ಕಲಿಕೆ. 64-ಬಿಟ್ ಆಯ್ಕೆ, ಪ್ರಿಂಟ್‌ಕೆ, ಟಿಟಿವೈ, 8250 ಸೀರಿಯಲ್ ಕನ್ಸೋಲ್, ಇನಿಟ್‌ರ‍್ಯಾಮ್‌ಎಫ್‌ಎಸ್ ಬೆಂಬಲ, ಎಲ್ಫ್ ಬೈನರಿಗಳ ಬೆಂಬಲ, ಪ್ರಾಕ್, ಸಿಸ್‌ಎಫ್‌ಎಸ್, ಡೆವ್‌ಟಿಎಂಪಿಎಫ್‌ಎಸ್ ಇವನ್ನು ಒಂದೊಂದಾಗಿ ಸೇರಿಸುತ್ತ, ಪ್ರತಿ ಸಲ ಬೂಟ್ ಮಾಡಿ ನೋಡುತ್ತ ಹೋದ ಗುಬ್ಬಿಯ ಹುಡುಗಿಯೊಬ್ಬಳು ಕೊನೆಗೆ ಒಂದು ಕಡೆ ಗಟ್ಟಿಯಾಗಿ ಸಿಕ್ಕಿಕೊಂಡಳು. ಕರ್ನಲ್ ಮೊದಲು ಓಡಿಸುವ ‘ಇನಿಟ್’ ಕಡತ ಇದೆ, ಓಡಿಸುವ ಅನುಮತಿ ಇದೆ, ಮೂಲ ಆದೇಶಗಳ ಪುಟ್ಟ ಗಂಟಾದ ಬ್ಯುಸಿಬಾಕ್ಸ್ ಇದೆ. ಆದರೂ ಕರ್ನಲ್ ‘ಎರರ್ -8’ ಎಂದು ಹೇಳಿ ಮಲಗುತ್ತಿತ್ತು. ಎಂಟನೆಯ ಎರರ್ ಎಂದರೆ ಓಡಿಸಬಲ್ಲ ರೂಪದಲ್ಲಿ ಇಲ್ಲವೆಂದು ಅರ್ಥ. ಅವಳ ಇನಿಟ್ ಒಂದು ಶೆಲ್ ಸ್ಕ್ರಿಪ್ಟ್ ಆಗಿತ್ತು, ಮೊದಲ ಸಾಲಿನ ‘#!’ ಗುರುತನ್ನು ಅರ್ಥ ಮಾಡಿಕೊಳ್ಳುವ ‘ಬಿನ್‌ಎಫ್‌ಎಂಟಿ_ಸ್ಕ್ರಿಪ್ಟ್’ ಸೇರಿರಲಿಲ್ಲ. ಸ್ಕ್ರಿಪ್ಟ್ ಓಡಿಸುವುದು ಕೂಡ ಕರ್ನಲ್ಲಿನ ಒಂದು ಸೌಲಭ್ಯವೆಂದು, ಅದನ್ನೂ ಬೇಡವೆನ್ನಬಹುದೆಂದು ಅವಳಿಗಷ್ಟೇ ಅಲ್ಲ, ಸುತ್ತ ನಿಂತ ಹತ್ತು ಜನಕ್ಕೂ ಆವತ್ತು ತಿಳಿಯಿತು. ದಿನಬಳಕೆಯ ಯಂತ್ರಕ್ಕೆ ಇದರಿಂದ ಹೊರಡುವುದು ಮಾತ್ರ ದೇವರಾಯನದುರ್ಗವನ್ನು ಬೆನ್ನು ತಿರುಗಿಸಿಕೊಂಡು ಹತ್ತಿದಂತೆ.

‘ಆಲ್‌ಎಸ್‌ಕಾನ್ಫಿಗ್’, ‘ಆಲ್‌ಮಾಡ್‌ಕಾನ್ಫಿಗ್’, ‘ರ‍್ಯಾಂಡ್‌ಕಾನ್ಫಿಗ್’ ಇವು ಬೂಟ್ ಮಾಡುವುದಕ್ಕಾಗಿ ಇರುವಂಥವಲ್ಲ. ಸೋರ್ಸಿಗೆ ನೀವು ಮಾಡಿದ ತಿದ್ದುಪಡಿ, ಅಂದರೆ ಪ್ಯಾಚ್, ಎಲ್ಲ ಸನ್ನಿವೇಶಗಳಲ್ಲಿಯೂ ಕಂಪೈಲ್ ಆಗುತ್ತದೆಯೇ ಎಂದು ಪರೀಕ್ಷಿಸಲು ಬೇಕಾದವು. ಮೊದಲ ಸಲ ಕಟ್ಟುವವರು ಅತ್ತ ತಲೆಹಾಕಬೇಕಿಲ್ಲ.

ಹಳೆಯ ಕಾನ್ಫಿಗ್ ಹೊಸ ಕರ್ನಲ್ಲಿಗೆ

ಯಾವುದರಿಂದ ಹೊರಟರೂ ನಿಮ್ಮ ಕಾನ್ಫಿಗ್ ಒಂದು ಆವೃತ್ತಿಯದು, ಸೋರ್ಸ್ ಇನ್ನೊಂದರದು ಆಗಿರುವುದೇ ಹೆಚ್ಚು. ಡಿಸ್ಟ್ರೋ 5.15ರಲ್ಲಿರುತ್ತದೆ, ನೀವು 2024ರ ನವೆಂಬರ್‌ನಲ್ಲಿ ಬಂದ, ದೀರ್ಘಾವಧಿ ಬೆಂಬಲವಿರುವ 6.12ನ್ನು ಇಳಿಸಿಕೊಂಡಿರುತ್ತೀರಿ. ‘ಮೇಕ್ ಓಲ್ಡ್‌ಕಾನ್ಫಿಗ್’ ಹೊಸ ಆಯ್ಕೆಗಳನ್ನು ಒಂದೊಂದಾಗಿ ಕೇಳುತ್ತದೆ. ಇಷ್ಟು ಅಂತರವಿದ್ದರೆ ಪ್ರಶ್ನೆಗಳು ನೂರಾರು, ಹತ್ತನೆಯ ಪ್ರಶ್ನೆಯ ನಂತರ ಯಾರೂ ಓದುವುದಿಲ್ಲ, ಎಂಟರ್ ಒತ್ತುತ್ತ ಹೋಗುತ್ತಾರೆ. ‘ಓಲ್ಡ್‌ಡೆಫ್‌ಕಾನ್ಫಿಗ್’ ಆ ಎಂಟರ್‌ಗಳನ್ನು ತಾನೇ ಒತ್ತುತ್ತದೆ. ಕೇಳದೆ ಒಪ್ಪಿಕೊಳ್ಳುವ ಈ ಗುಣದಲ್ಲಿ ಒಂದು ಅಪಾಯವೂ ಇದೆ: ಅವಲಂಬನೆ ಪೂರೈಸದ ಆಯ್ಕೆಯನ್ನು, ಹೆಸರು ಬದಲಾದ ಆಯ್ಕೆಯನ್ನು ಅದು ಸದ್ದಿಲ್ಲದೆ ಕೈಬಿಡುತ್ತದೆ. 2022ರಲ್ಲಿ ಬಂದ 5.18ರಲ್ಲಿ ಡೀಬಗ್ ಮಾಹಿತಿಯ ಒಂದೇ ಆಯ್ಕೆಯನ್ನು ಹಲವು ಆಯ್ಕೆಗಳ ಗುಂಪಾಗಿ ಬದಲಿಸಿದಾಗ, ಹಳೆಯ ಕಾನ್ಫಿಗ್ ಹೊತ್ತು ತಂದವರಲ್ಲಿ ಕೆಲವರು ತಮ್ಮ ಡೀಬಗ್ ಮಾಹಿತಿ ಎಲ್ಲಿ ಹೋಯಿತೆಂದು ಹುಡುಕುವಂತಾಯಿತು.

ಇದಕ್ಕೆ ಮದ್ದು ಮರದೊಳಗೇ ಇದೆ. ‘ಮೇಕ್ ಲಿಸ್ಟ್‌ನ್ಯೂಕಾನ್ಫಿಗ್’ ಹೊಸ ಆಯ್ಕೆಗಳ ಪಟ್ಟಿಯನ್ನು ಮೊದಲೇ ಕೊಡುತ್ತದೆ. ಸ್ಕ್ರಿಪ್ಟ್ಸ್ ಡೈರೆಕ್ಟರಿಯ ‘ಡಿಫ್‌ಕಾನ್ಫಿಗ್’ ಹಳೆಯ ಮತ್ತು ಹೊಸ ಕಡತಗಳ ವ್ಯತ್ಯಾಸವನ್ನು ಸಾಲುಸಾಲಾಗಿ ತೋರಿಸುತ್ತದೆ. ಓಲ್ಡ್‌ಡೆಫ್‌ಕಾನ್ಫಿಗ್‌ಗೆ ಮೊದಲು ಕಡತದ ಒಂದು ನಕಲು ಇಟ್ಟುಕೊಂಡು, ಆಮೇಲೆ ಡಿಫ್‌ಕಾನ್ಫಿಗ್ ಓಡಿಸಿ, ಮೈನಸ್ ಗುರುತಿನ ಸಾಲುಗಳ ಮೇಲೆ ಕಣ್ಣಾಡಿಸಲು ಐದು ನಿಮಿಷ ಸಾಕು.

ಹಾಗಾದರೆ ಯಾವುದು?

ನಿಮ್ಮ ಸ್ವಂತ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪಿಗೆ ಕಟ್ಟುವುದಾದರೆ ಮೊದಲ ಸಲ ಡಿಸ್ಟ್ರೋ ಕಾನ್ಫಿಗ್‌ನಿಂದಲೇ ಹೊರಡಿ. ಪ್ರಮಾಣಪತ್ರದ ಸಾಲುಗಳನ್ನು ಖಾಲಿ ಮಾಡಿ, ಡೀಬಗ್ ಮಾಹಿತಿ ತೆಗೆದು, ರಾತ್ರಿ ಮಲಗುವಾಗ ಕಂಪೈಲ್ ಹಚ್ಚಿ. ಅದು ಬೂಟ್ ಆದದ್ದನ್ನು ನೋಡಿದ ಮೇಲೆ, ಅದರೊಳಗೆ ಕೂತು, ಸಲಕರಣೆಗಳನ್ನೆಲ್ಲ ಒಂದು ವಾರ ಬಳಸಿ, ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್ ಮಾಡಿದರೆ ಎರಡನೆಯ ಸಲದಿಂದ ವೇಗ ನಿಮ್ಮದಾಗುತ್ತದೆ. ನೇರವಾಗಿ ಎರಡನೆಯ ಹೆಜ್ಜೆ ಇಡುವವರಿಗೆ, ಬೂಟ್ ಆಗದಿದ್ದಾಗ ತಪ್ಪು ಹೊಸ ಆವೃತ್ತಿಯದೋ, ಕತ್ತರಿಸಿದ ಕಾನ್ಫಿಗ್‌ನದೋ ಎಂದು ಬೇರ್ಪಡಿಸಲು ದಾರಿ ಉಳಿಯುವುದಿಲ್ಲ. ಕಲಿಯುವುದಕ್ಕಾದರೆ ವರ್ಚುವಲ್ ಯಂತ್ರ ಮತ್ತು ಡೆಫ್‌ಕಾನ್ಫಿಗ್. ಅದರಲ್ಲಿ ಕೈ ಪಳಗಿದ ಮೇಲೆ ಬಿಡುವಿದ್ದರೆ ಟೈನಿಕಾನ್ಫಿಗ್. ಬೋರ್ಡಿಗಾದರೆ ಬೋರ್ಡಿನದೇ ಡೆಫ್‌ಕಾನ್ಫಿಗ್, ಕತ್ತರಿ ಹಾಕದೆ.

ಎಲ್ಲ ದಾರಿಗಳಿಗೂ ಸಲ್ಲುವ ಎರಡು ಕೆಲಸಗಳಿವೆ. ‘ಲೋಕಲ್‌ವರ್ಷನ್’ ಆಯ್ಕೆಯಲ್ಲಿ ಒಂದು ಹೆಸರು ಕೊಟ್ಟುಕೊಳ್ಳಿ. ನಾನು ‘-ಲ್ಯಾಬ್1’, ‘-ಲ್ಯಾಬ್2’ ಎಂದು ಎಣಿಸುತ್ತ ಹೋಗುತ್ತೇನೆ. ಆಗ ಪ್ರತಿ ಕರ್ನಲ್ಲಿನ ಮಾಡ್ಯೂಲ್‌ಗಳೂ ತಮ್ಮದೇ ಡೈರೆಕ್ಟರಿಯಲ್ಲಿ ಕೂರುತ್ತವೆ, ಒಂದರ ಮೇಲೊಂದು ಬಿದ್ದು ಹಾಳಾಗುವುದಿಲ್ಲ, ಗ್ರಬ್ ಮೆನುವಿನಲ್ಲಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ಕೆಲಸ ಮಾಡುವ ಕಾನ್ಫಿಗ್ ಸಿಕ್ಕ ಕೂಡಲೇ ‘ಮೇಕ್ ಸೇವ್‌ಡೆಫ್‌ಕಾನ್ಫಿಗ್’ ಓಡಿಸಿ. ಪೂರ್ವನಿಗದಿತ ಉತ್ತರಕ್ಕಿಂತ ಭಿನ್ನವಾದ ಆಯ್ಕೆಗಳನ್ನಷ್ಟೇ ಬರೆದಿಡುವ ಆ ಕಡತ ಪೂರ್ಣ ಕಾನ್ಫಿಗ್‌ಗಿಂತ ಬಹಳ ಚಿಕ್ಕದು, ಗಿಟ್‌ನಲ್ಲಿಟ್ಟರೆ ಏನು ಬದಲಾಯಿತೆಂದು ಕಣ್ಣಿಗೆ ಕಾಣುತ್ತದೆ. ತಿಪಟೂರಿನ ಹುಡುಗ ಬೋರ್ಡಿನ ಡೆಫ್‌ಕಾನ್ಫಿಗ್‌ಗೆ ಮರಳಿ ಮತ್ತೆ ಕಟ್ಟಿದ ಮೇಲೆ ಹೀಗೆಯೇ ಉಳಿಸಿಟ್ಟಿದ್ದಾನೆ. ‘ಸಿಎಚ್341’ರ ಪಕ್ಕದಲ್ಲಿ ಈಗ ‘ಎಂ’ ಅಲ್ಲ, ‘ವೈ’ ಇದೆ.